ಸುಜುಕಿ: ಒಂದು ಮನೆತನದ ಹೆಸರು ಲಕ್ಷಾಂತರ ಮನೆಗಳಿಗೆ ಹಬ್ಬಿದ ಬಗೆ

ಜಪಾನಿ ದಾಖಲೆಗಳನ್ನು ಭಾಷಾಂತರಿಸುವ ನನ್ನ ವೃತ್ತಿಯಲ್ಲಿ ಸುಜುಕಿ ಎಂಬ ಕುಲನಾಮ ಎದುರಾದಾಗಲೆಲ್ಲ ಕೇಳಿಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇವರು ಆ ಕಾರು ಕಂಪನಿಯವರ ಸಂಬಂಧಿಕರೇ? ನಮ್ಮಲ್ಲಿ ಈ ಹೆಸರು ಮಾರುತಿಯ ಜೊತೆಗೇ ಪರಿಚಯವಾದದ್ದರಿಂದ ಪ್ರಶ್ನೆ ಸಹಜವೇ. ಆದರೆ ಜಪಾನಿನಲ್ಲಿ ಸುಮಾರು 18 ಲಕ್ಷ ಜನರಿಗೆ ಈ ಕುಲನಾಮವಿದೆ. ಸಂಖ್ಯೆಯಲ್ಲಿ ಸಾತೋ ಮೊದಲನೆಯದು, ಸುಜುಕಿ ಎರಡನೆಯದು. ಇವರೆಲ್ಲ ಒಂದೇ ವಂಶದ ಕುಡಿಗಳಲ್ಲ.

ಹೆಸರಿನ ಮೂಲವನ್ನು ಸಾಮಾನ್ಯವಾಗಿ ಕಿಯಿ ಪರ್ಯಾಯ ದ್ವೀಪದ ಕುಮಾನೊ ಪ್ರದೇಶದಲ್ಲಿ ಗುರುತಿಸುತ್ತಾರೆ. ಬರವಣಿಗೆಯಲ್ಲಿ ಈ ಹೆಸರಿಗೆ ಕಿರುಗಂಟೆ ಮತ್ತು ಮರ ಎಂಬ ಅರ್ಥದ ಎರಡು ಲಿಪಿಚಿಹ್ನೆಗಳಿವೆ. ಅವನ್ನೇ ನೋಡಿ ಅರ್ಥ ಕಟ್ಟಲು ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಅವು ಉಚ್ಚಾರಣೆಗಾಗಿ ಎರವಲು ಪಡೆದ ಚಿಹ್ನೆಗಳೆಂಬುದು ಪ್ರಚಲಿತ ಅಭಿಪ್ರಾಯ. ಕೊಯ್ಲಾದ ಬತ್ತದ ಹುಲ್ಲನ್ನು ಗದ್ದೆಯಲ್ಲಿ ಒಟ್ಟಿದ ಬಣವೆಗೆ ಕುಮಾನೊ ಕಡೆಯ ಆಡುಮಾತಿನಲ್ಲಿ ಸುಸುಕಿ ಅಥವಾ ಸುಜುಕಿ ಎನ್ನುತ್ತಿದ್ದರು. ಅಲ್ಲಿನ ದೇವಾಲಯ ಸೇವೆಗೆ ಸೇರಿದ್ದ ಹೊಜುಮಿ ಮನೆತನದ ಹೆಸರಿಗೂ ತೆನೆಗಳ ರಾಶಿ ಎಂದೇ ಅರ್ಥ, ಮತ್ತು ಸುಜುಕಿಗಳು ಆ ಮನೆತನದ ಕವಲೆಂದು ಪರಂಪರೆ ಹೇಳುತ್ತದೆ. ಇಂದಿನ ವಾಕಯಾಮ ಪ್ರಾಂತದ ಕೈನಾನ್ ಊರಿನಲ್ಲಿ, ಕುಮಾನೊ ಯಾತ್ರೆಯ ಹಳೆಯ ದಾರಿಯ ಮೇಲಿರುವ ಫುಜಿಶಿರೊ ದೇವಾಲಯದ ಆವರಣದಲ್ಲಿ ಸುಜುಕಿ ಯಾಶಿಕಿ ಎಂಬ ಮನೆಯಿದೆ. ಅದನ್ನು ಈ ಕುಲನಾಮದ ಮೂಲಮನೆಯೆಂದು ಗೌರವಿಸುತ್ತಾರೆ.

ಆದರೆ ಹುಟ್ಟಿದ ಕಿಯಿ ಸೀಮೆಗಿಂತ ಪೂರ್ವದ ಶಿಜುವೊಕ, ಐಚಿ, ಟೋಕಿಯೊ ಸುತ್ತಿನ ಕಾಂತೊ ಬಯಲಿನಲ್ಲೇ ಈ ಹೆಸರು ದಟ್ಟವಾಗಿದೆ. ಪಶ್ಚಿಮದಲ್ಲಿ ತನಾಕ, ಯಾಮಾಮೊತೊಗಳದೇ ಮೇಲುಗೈ. ಇದಕ್ಕೆ ಒಂದು ಕಾರಣ ಭಕ್ತಿ. ಮಧ್ಯಯುಗದಲ್ಲಿ ನಿವೃತ್ತ ಚಕ್ರವರ್ತಿಗಳಿಂದ ಹಿಡಿದು ಸಾಮಾನ್ಯರವರೆಗೆ ಎಲ್ಲರೂ ಕುಮಾನೊಗೆ ಹೋಗುತ್ತಿದ್ದುದರಿಂದ ಆ ಯಾತ್ರೆಗೆ ಇರುವೆಗಳ ಸಾಲು ಎಂಬ ಮಾತೇ ಅಂಟಿಕೊಂಡಿತ್ತು. ದೇವರ ಮಹಿಮೆಯನ್ನು ಸಾರುತ್ತ ದೂರದ ಸೀಮೆಗಳಿಗೆ ಹೋದ ಕುಮಾನೊದ ಸೇವಕರು ಅಲ್ಲಿ ಶಾಖಾ ದೇವಾಲಯಗಳನ್ನು ಸ್ಥಾಪಿಸಿ ನೆಲೆಸಿದರು, ಅವರೊಂದಿಗೆ ಹೆಸರೂ ನೆಲೆಸಿತು. ಮಿಕಾವ ಸೀಮೆಯಲ್ಲಿ, ಅಂದರೆ ಇಂದಿನ ಐಚಿಯ ಪೂರ್ವಭಾಗದಲ್ಲಿ, ಬೇರೂರಿದ ಸುಜುಕಿಗಳಲ್ಲಿ ಹಲವರು ಮುಂದೆ ಜಪಾನನ್ನು ಆಳಿದ ತೊಕುಗಾವ ಮನೆತನದ ಸೇವೆಯಲ್ಲಿದ್ದರು. 1590ರಲ್ಲಿ ಆ ಮನೆತನದ ಒಡೆಯ ಇಯೆಯಾಸು ಇಂದಿನ ಟೋಕಿಯೊ ಆದ ಎದೊಗೆ ಸ್ಥಳಾಂತರಗೊಂಡಾಗ ಅವನ ಪರಿವಾರದೊಂದಿಗೆ ಈ ಹೆಸರು ಕಾಂತೊ ಬಯಲಿಗೂ ಬಂತು.

ಎದೊ ಕಾಲದಲ್ಲಿ, ಅಂದರೆ ತೊಕುಗಾವರ ಆಳ್ವಿಕೆಯಲ್ಲಿ, ಕುಲನಾಮವನ್ನು ಬಹಿರಂಗವಾಗಿ ಬಳಸುವುದು ಮುಖ್ಯವಾಗಿ ಸಮುರಾಯಿಗಳ ಹಕ್ಕಾಗಿತ್ತು. ರೈತರು ಮತ್ತು ವರ್ತಕರಲ್ಲಿ ಅನೇಕರಿಗೆ ಮನೆತನದ ಹೆಸರಿದ್ದರೂ ಸರ್ಕಾರಿ ಕಾಗದದಲ್ಲಿ ಅದನ್ನು ಬರೆಯುವಂತಿರಲಿಲ್ಲ. ಆ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ 1870ರಲ್ಲಿ ಎಲ್ಲರಿಗೂ ಅನುಮತಿ ನೀಡಿತು, 1875ರಲ್ಲಿ ಕಡ್ಡಾಯ ಮಾಡಿತು. ಆಗ ಕೆಲವರು ಹಳೆಯ ಹೆಸರನ್ನೇ ನೋಂದಾಯಿಸಿದರು, ಕೆಲವರು ಊರಿನಲ್ಲಿ ಮಾನ್ಯವಾಗಿದ್ದ ಹೆಸರನ್ನು ತಮ್ಮದಾಗಿಸಿಕೊಂಡರು. ನನ್ನ ಮಟ್ಟಿಗೆ, ಒಂದೇ ಕುಲನಾಮವನ್ನು ರಕ್ತಸಂಬಂಧದ ಗುರುತಾಗಿ ಓದಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಕಾರು ಕಂಪನಿಯ ಮನೆತನವನ್ನೇ ನೋಡಿ. ಮಿಚಿಯೊ ಸುಜುಕಿ 1909ರಲ್ಲಿ ಹಮಾಮತ್ಸುವಿನಲ್ಲಿ ಮಗ್ಗದ ಕಾರ್ಖಾನೆ ತೆರೆದರು. ಮುಂದೆ ಸಂಸ್ಥೆಯನ್ನು ಭಾರತಕ್ಕೆ ತಂದ ಒಸಾಮು ಸುಜುಕಿ ಹುಟ್ಟಿನಿಂದ ಮಾತ್ಸುದ ಮನೆತನದವರು. ಸುಜುಕಿ ಮನೆಯ ಮಗಳನ್ನು ವರಿಸಿ, ದತ್ತು ಅಳಿಯನಾಗಿ ಆ ಕುಲನಾಮವನ್ನು ಸ್ವೀಕರಿಸಿದವರು. ಇಂದಿಗೂ ಜಪಾನಿನ ಕಾನೂನಿನಂತೆ ದಂಪತಿಗಳು ಗಂಡನದೋ ಹೆಂಡತಿಯದೋ ಒಂದೇ ಕುಲನಾಮವನ್ನು ಹೊಂದಬೇಕು, ಮತ್ತು ಸುಮಾರು ನೂರಕ್ಕೆ 95 ಮದುವೆಗಳಲ್ಲಿ ಬದಲಾಗುವುದು ಹೆಣ್ಣಿನದೇ. ಆದ್ದರಿಂದ ಕೊಸೆಕಿ ಎಂಬ ಕುಟುಂಬ ನೋಂದಣಿ ಪತ್ರವನ್ನು ಭಾಷಾಂತರಿಸುವಾಗ ಹುಟ್ಟು, ದತ್ತು, ವಿವಾಹಗಳ ನಮೂದುಗಳನ್ನು ಒಂದೂ ಬಿಡದೆ ಕನ್ನಡಕ್ಕೆ ತರುತ್ತೇನೆ. ಯಾರು ಯಾರಿಗೆ ಏನಾಗಬೇಕು ಎಂಬುದು ಸಿಗುವುದು ಆ ನಮೂದುಗಳಲ್ಲಿಯೇ.