ಡಲ್ಲಾಸ್ ಪಂದ್ಯವನ್ನು ಕಸಿದದ್ದು ಅಂಪೈರಾ? ಮತ್ತೆ ಅದೇ ಪ್ರಶ್ನೆ

ಓದುಗರ ಪ್ರಶ್ನೆ: 2022ರ ಪ್ಲೇಆಫ್‌ನಲ್ಲಿ ಅಂಪೈರ್ ಅಡ್ಡ ಬರದೇ ಇದ್ದಿದ್ದರೆ ಡಲ್ಲಾಸ್ ಕೌಬಾಯ್ಸ್‌ಗೆ ಇನ್ನೊಂದು ಅವಕಾಶ ಸಿಗುತ್ತಿತ್ತು ಅಲ್ವಾ? ಅಷ್ಟು ದೊಡ್ಡ ತಪ್ಪು ನಡೆದರೂ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಯಾಕೆ ಸುಮ್ಮನಿತ್ತು?

ಉತ್ತರ: ಜನವರಿ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಪ್ಲೇಆಫ್ ಶುರುವಾದರೆ ಸಾಕು, ಡಲ್ಲಾಸ್ ಸುತ್ತಲಿನ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆಯ ನಮ್ಮ ಕನ್ನಡಿಗರಿಗೆ ಹಳೇ ನೋವು ನೆನಪಾಗುತ್ತದೆ. ಕೌಬಾಯ್ಸ್ ತಂಡದ ಮುಖ್ಯ ಕಚೇರಿ, ಅಭ್ಯಾಸದ ಮೈದಾನ ಎಲ್ಲವೂ ಫ್ರಿಸ್ಕೋದಲ್ಲೇ ಇವೆ. ಊರಿನ ತಂಡ ಸೋತರೆ ಸಿಟ್ಟು ಬರುವುದು ಸಹಜ. ಆದರೆ ನನ್ನ ಉತ್ತರ ಅಂದೂ ಒಂದೇ, ಇಂದೂ ಒಂದೇ. ಅಂಪೈರ್ ಪಂದ್ಯ ಕಸಿಯಲಿಲ್ಲ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮುಂದಿನ ಜನವರಿಯಲ್ಲಿ ಯಾರಾದರೂ ಕೇಳಿದರೆ ಇದನ್ನೇ ಮುಂದಿಟ್ಟು ಚಹಾ ಕುಡಿಯಬಹುದು.

ದಿನ: 2022ರ ಜನವರಿ 16. ಜಾಗ: ಅರ್ಲಿಂಗ್ಟನ್‌ನ ಎಟಿ ಅಂಡ್ ಟಿ ಸ್ಟೇಡಿಯಂ. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್. ಸ್ಕೋರು 23-17, ಡಲ್ಲಾಸ್ ಹಿಂದಿದೆ. ಗಡಿಯಾರ ನಿಲ್ಲಿಸಲು ಕೈಯಲ್ಲಿ ಒಂದೂ ಟೈಮ್‌ಔಟ್ ಇಲ್ಲ. ಗಡಿಯಾರದಲ್ಲಿ 14 ಸೆಕೆಂಡ್. ಚೆಂಡು ಎದುರಾಳಿಯ 41 ಯಾರ್ಡ್ ಗೆರೆಯ ಮೇಲಿದೆ, ಅಂದರೆ ಅವರ ಗೋಲ್ ಗೆರೆಗೆ ಇನ್ನೂ 41 ಯಾರ್ಡ್ ದೂರ. ಎಲ್ಲರೂ ಪಾಸ್ ಬರುತ್ತದೆ ಅಂದುಕೊಂಡಿದ್ದರು. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಡ್ಯಾಕ್ ಪ್ರೆಸ್ಕಾಟ್ ಚೆಂಡು ಹಿಡಿದು ನಡು ಮೈದಾನದಲ್ಲೇ ಓಡಿದರು. 17 ಯಾರ್ಡ್ ಓಡಿ, 24ರ ಹತ್ತಿರ ಜಾರಿ ಕುಳಿತರು. ಆಗ ಉಳಿದದ್ದು ಸುಮಾರು 9 ಸೆಕೆಂಡ್. ತಂಡದವರೆಲ್ಲ ಓಡಿಬಂದು ಸಾಲು ಕಟ್ಟಬೇಕು, ಚೆಂಡನ್ನು ನೆಲಕ್ಕೆ ಬಡಿದು ಗಡಿಯಾರ ನಿಲ್ಲಿಸಬೇಕು, ಆಮೇಲೆ ಒಂದೇ ಒಂದು ಎಸೆತ. ಅದು ಲೆಕ್ಕಾಚಾರ. ನಡುವೆ ಅಂಪೈರ್ ಹಿಂದಿನಿಂದ ಓಡಿಬಂದು, ಪ್ರೆಸ್ಕಾಟ್‌ಗೆ ಡಿಕ್ಕಿ ಹೊಡೆದು, ಆಟಗಾರರ ನಡುವೆ ನುಗ್ಗಿ ಚೆಂಡು ಮುಟ್ಟಿ ಸರಿ ಮಾಡಿದರು. ಪ್ರೆಸ್ಕಾಟ್ ಚೆಂಡು ನೆಲಕ್ಕೆ ಬಡಿಯುವಷ್ಟರಲ್ಲಿ ಗಡಿಯಾರ ಸೊನ್ನೆ. ಪಂದ್ಯ ಮುಗಿಯಿತು.

ಆ ಡಿಕ್ಕಿಯ ವಿಡಿಯೋ ಒಂದನ್ನೇ ನೋಡಿದರೆ ನಿಮಗೂ ಅಂಪೈರ್ ಮೇಲೆ ಸಿಟ್ಟು ಬರುತ್ತದೆ. ವಿಡಿಯೋವನ್ನು ನಾಲ್ಕು ಸೆಕೆಂಡ್ ಹಿಂದಕ್ಕೆ ಎಳೆದು ನೋಡಿ ಅನ್ನುವುದೇ ನನ್ನ ಗೋಳು. ಜಾರಿ ಕುಳಿತ ಪ್ರೆಸ್ಕಾಟ್ ಎದ್ದು ಚೆಂಡನ್ನು ಯಾರ ಕೈಗೆ ಕೊಟ್ಟರು? ತಮ್ಮದೇ ಸೆಂಟರ್ ಕೈಗೆ, ಅಂದರೆ ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವ ಆಟಗಾರನ ಕೈಗೆ. ಆತ ತನಗೆ ಸರಿ ಕಂಡ ಜಾಗದಲ್ಲಿ ಚೆಂಡು ಇಟ್ಟುಕೊಂಡು ಬಗ್ಗಿದ.

ತಪ್ಪು ನಡೆದದ್ದು ಅಲ್ಲಿ. ಎನ್‌ಎಫ್‌ಎಲ್‌ನಲ್ಲಿ ಮುಂದಿನ ಆಟಕ್ಕೆ, ಅಂದರೆ ಮುಂದಿನ ಪ್ರಯತ್ನಕ್ಕೆ, ಚೆಂಡನ್ನು ಜಾಗದಲ್ಲಿ ಇಡುವುದು ಆಟಗಾರರ ಕೆಲಸವಲ್ಲ, ಅಧಿಕಾರಿಗಳ ಕೆಲಸ. ಅವರಲ್ಲೊಬ್ಬರು ಇಟ್ಟ ಮೇಲೆಯೇ ಆಟ ಮುಂದುವರಿಯಬಹುದು. ಆಟಗಾರ ಎಷ್ಟೇ ಪ್ರಾಮಾಣಿಕನಾಗಿ ಇಟ್ಟರೂ ಅದಕ್ಕೆ ಬೆಲೆಯಿಲ್ಲ. ಇಲ್ಲದಿದ್ದರೆ ಪ್ರತಿ ಆಟಕ್ಕೂ ಚೆಂಡು ಅರ್ಧ ಯಾರ್ಡ್ ಮುಂದೆ ಹೋಗುತ್ತಿತ್ತು. ಹಾಗಾಗಿ ಸಮಯ ಕಡಿಮೆ ಇದ್ದಾಗ ಅನುಭವ ಇರುವವರು ಮಾಡುವ ಮೊದಲ ಕೆಲಸವೇ ಹತ್ತಿರದ ಅಧಿಕಾರಿಯನ್ನು ಹುಡುಕಿ ಚೆಂಡು ಕೈಗೆ ಕೊಡುವುದು. ಇದು ಶಾಲಾ ತಂಡದ ಹುಡುಗರಿಗೂ ಗೊತ್ತು. ಆ ದಿನ ಡಲ್ಲಾಸ್‌ನವರು ಚೆಂಡು ತಮ್ಮಲ್ಲೇ ಇಟ್ಟುಕೊಂಡು, ಸಾಲು ಕಟ್ಟಿ, ಅಂಪೈರ್‌ಗೆ ಒಳಗೆ ಬರಲು ದಾರಿಯೇ ಇಲ್ಲದ ಹಾಗೆ ನಿಂತರು. ಅಂಪೈರ್ ನುಗ್ಗದೆ ಬೇರೆ ಏನು ಮಾಡಬೇಕಿತ್ತು? ಅಂಪೈರ್ ಚೆಂಡನ್ನು ಸರಿಯಾದ ಜಾಗಕ್ಕೆ ತರುತ್ತಿದ್ದರು, ಆಗ ಡಿಕ್ಕಿಯಾಯಿತು ಅಂತ ಅಧಿಕಾರಿಗಳ ಮುಖ್ಯಸ್ಥ, ರೆಫರಿ ಅಲೆಕ್ಸ್ ಕೆಂಪ್ ಪಂದ್ಯ ಮುಗಿದ ಮೇಲೆ ವಿವರಿಸಿದರು. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

"ಸರಿ, ಆದರೂ ಅವರು ಬೇಗ ಬರಬಹುದಿತ್ತಲ್ಲ?" ಇದು ಎರಡನೇ ತಕರಾರು. ಅಂಪೈರ್ ಎಲ್ಲಿ ನಿಂತಿರುತ್ತಾರೆ ಗೊತ್ತಾ? ಮೊದಲು ಅವರು ರಕ್ಷಣಾ ತಂಡದ ಸಾಲಿನ ಹಿಂದೆ, ನಡು ಗುಂಪಿನಲ್ಲೇ ನಿಲ್ಲುತ್ತಿದ್ದರು. ಅಲ್ಲಿ ಆಟಗಾರರು ಬಂದು ಗುದ್ದಿ ಪೆಟ್ಟಾಗುವುದು ಜಾಸ್ತಿಯಾಯಿತು. 2010ರಲ್ಲಿ ಅವರನ್ನು ಆಕ್ರಮಣ ತಂಡದ ಹಿಂಭಾಗಕ್ಕೆ ಸರಿಸಿದರು. ಆ ದಿನವೂ ಅವರು ಬಂದದ್ದು ಹಿಂದಿನಿಂದಲೇ. ಪ್ರೆಸ್ಕಾಟ್ 17 ಯಾರ್ಡ್ ಓಡಿದರೆ ಅಂಪೈರ್ ಅದಕ್ಕಿಂತ ಜಾಸ್ತಿ ಓಡಬೇಕು. ವೃತ್ತಿಪರ ಆಟಗಾರರಿಗಿಂತ ಎಷ್ಟೋ ವರ್ಷ ದೊಡ್ಡ ಮನುಷ್ಯ ಅವರ ಹಿಂದೆ ಓಡಬೇಕು. ಪ್ರೆಸ್ಕಾಟ್ ಪ್ರತಿ ಯಾರ್ಡ್ ಮುಂದೆ ಹೋದಾಗಲೂ ಅಂಪೈರ್‌ಗೆ ಒಂದು ಯಾರ್ಡ್, ಲೈನ್‌ನ ಐದು ಭಾರೀ ಆಳುಗಳಿಗೆ ಒಂದೊಂದು ಯಾರ್ಡ್ ದೂರ ಜಾಸ್ತಿಯಾಗುತ್ತಿತ್ತು. ಹತ್ತು ಯಾರ್ಡ್‌ಗೆ ಜಾರಿ ಕುಳಿತಿದ್ದರೆ ಎರಡೂ ಕಡೆ ಸಮಯ ಉಳಿಯುತ್ತಿತ್ತು. ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಮೂರನೇ ತಕರಾರು ನನಗೆ ತುಂಬಾ ಇಷ್ಟ. ಯಾಕೆಂದರೆ ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. "ಫಸ್ಟ್ ಡೌನ್ ಆಯಿತಲ್ಲ, ಗಡಿಯಾರ ನಿಲ್ಲಬೇಕಿತ್ತು." (ಒಂದೊಂದು ಪ್ರಯತ್ನಕ್ಕೂ ಡೌನ್ ಅನ್ನುತ್ತಾರೆ; ನಾಲ್ಕರೊಳಗೆ ಹತ್ತು ಯಾರ್ಡ್ ದಾಟಿದರೆ ಹೊಸ ಫಸ್ಟ್ ಡೌನ್.) ನಮ್ಮವರಲ್ಲಿ ಎಷ್ಟೋ ಜನ ಈ ಆಟ ಕಲಿತದ್ದು ಎಂಎಸ್ ಓದುವಾಗ, ಶನಿವಾರದ ಕಾಲೇಜು ಪಂದ್ಯಗಳಲ್ಲಿ. ಕಾಲೇಜು ಫುಟ್‌ಬಾಲ್‌ನಲ್ಲಿ ಫಸ್ಟ್ ಡೌನ್ ಆದರೆ ಚೆಂಡು ಇಡುವ ತನಕ ಗಡಿಯಾರ ನಿಲ್ಲುತ್ತಿತ್ತು. 2023ರಿಂದ ಅಲ್ಲಿಯೂ ಅದನ್ನು ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ಭಾನುವಾರದ ಎನ್‌ಎಫ್‌ಎಲ್‌ನಲ್ಲಿ ಹಾಗೆ ನಿಲ್ಲುವುದಿಲ್ಲ. ಪಾಸ್ ಕೈತಪ್ಪಿ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಪಂದ್ಯದ ಕೊನೆಯ ಐದು ನಿಮಿಷದಲ್ಲಿ ಆಟಗಾರ ಸೈಡ್‌ಲೈನ್ ದಾಟಿ ಹೊರಗೆ ಹೋದರೆ ಮುಂದಿನ ಆಟದ ತನಕ ನಿಲ್ಲುತ್ತದೆ. ನಡು ಮೈದಾನದಲ್ಲಿ ಜಾರಿ ಕುಳಿತರೆ ನಿಲ್ಲುವುದಿಲ್ಲ. ಅದೇ ಓಟ ಶನಿವಾರ ನಡೆದಿದ್ದರೆ ಡಲ್ಲಾಸ್‌ಗೆ ಆರಾಮವಾಗಿ ಸಮಯ ಸಿಗುತ್ತಿತ್ತು, ಒಪ್ಪುತ್ತೇನೆ. ಆದರೆ ಅದು ಭಾನುವಾರ.

ಇನ್ನು ಕೆಲವರು "ಎರಡು ಸೆಕೆಂಡ್ ವಾಪಸ್ ಹಾಕಿದ್ದರೆ ಸಾಕಿತ್ತು" ಅನ್ನುತ್ತಾರೆ. ಸಾಕಾಗುತ್ತಿರಲಿಲ್ಲ. ನಿಂತ ಗಡಿಯಾರ ರೆಫರಿಯ ಸಂಕೇತಕ್ಕೆ ಮತ್ತೆ ಓಡುವ ಸಂದರ್ಭದಲ್ಲಿ ಚೆಂಡು ನೆಲಕ್ಕೆ ಬಡಿದು ಸಮಯ ಉಳಿಸಲು ಕನಿಷ್ಠ 3 ಸೆಕೆಂಡ್ ಇರಬೇಕು ಅಂತ ನಿಯಮವೇ ಇದೆ. ಎರಡೋ ಒಂದೋ ಇದ್ದರೆ ಒಂದು ಆಟಕ್ಕೆ ಮಾತ್ರ ಜಾಗ. ಚೆಂಡು ನೆಲಕ್ಕೆ ಬಡಿದರೆ ಅದೇ ಆ ಆಟ, ಅಲ್ಲಿಗೆ ಮುಗಿಯಿತು.

ಹಾಗಾದರೆ ಆ ಓಟದ ಯೋಚನೆಯೇ ಮೂರ್ಖತನವಾ? ಪೂರ್ತಿ ಅಲ್ಲ. 41ರಿಂದ ಎಸೆಯುವುದಕ್ಕೂ 24ರಿಂದ ಎಸೆಯುವುದಕ್ಕೂ ತುಂಬಾ ವ್ಯತ್ಯಾಸವಿದೆ. ದೂರದಿಂದ ಎಸೆದರೆ ಗುಂಪಿನೊಳಗೆ ದೇವರ ಮೇಲೆ ಭಾರ ಹಾಕಿದ ಹಾಗೆ. ಹತ್ತಿರದಿಂದ ಎಸೆದರೆ ಒಬ್ಬ ಆಟಗಾರನಿಗೆ ಗುರಿಯಿಟ್ಟು ಎಸೆಯಬಹುದು. ಆದರೆ ಟೈಮ್‌ಔಟ್ ಇಲ್ಲದೆ ನಡು ಮೈದಾನಕ್ಕೆ ಓಡುವುದೆಂದರೆ ಹನ್ನೊಂದು ಜನ ಮತ್ತು ಒಬ್ಬ ಅಧಿಕಾರಿ, ಎಲ್ಲರೂ ಒಂದು ಕ್ಷಣವೂ ಎಡವದೆ ಕೆಲಸ ಮಾಡಬೇಕು. ಸೈಡ್‌ಲೈನ್ ಕಡೆ ಎಸೆದಿದ್ದರೆ ಎರಡು ಪ್ರಯತ್ನವಾದರೂ ಸಿಗುತ್ತಿದ್ದವು. ನನ್ನ ಲೆಕ್ಕದಲ್ಲಿ ಅದೇ ಜಾಣತನ. ಡಲ್ಲಾಸ್ ತಂಡದ ಆಗಿನ ಕೋಚ್ ಮೈಕ್ ಮೆಕಾರ್ಥಿ ಆಮೇಲೂ ತಮ್ಮ ನಿರ್ಧಾರ ಸರಿ ಎಂದೇ ಹೇಳಿದರು. ಅದು ಅವರ ಪಾಡು.

ಮತ್ತೊಂದು ಮಾತು. ಆ ಪಂದ್ಯದಲ್ಲಿ ಡಲ್ಲಾಸ್ 14 ಪೆನಾಲ್ಟಿ ತಿಂದಿತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂದು ಕಳ್ಳ ಪಂಟ್ (ಚೆಂಡನ್ನು ದೂರ ಒದ್ದುಬಿಡುವ ಹಾಗೆ ನಟಿಸುವ ಆಟ) ಆಡಿ ಚೆನ್ನಾಗಿ ಗೆದ್ದರು. ಆಮೇಲೆ ಎದುರಾಳಿಗೆ ಗೊಂದಲ ಮಾಡೋಣ ಅಂತ ಪಂಟ್ ತಂಡವನ್ನೇ ಮೈದಾನದಲ್ಲಿ ನಿಲ್ಲಿಸಿಕೊಂಡರು. ಕೊನೆಗೆ ಗೊಂದಲವಾದದ್ದು ಅವರಿಗೇ. ಸಮಯ ಮೀರಿ ಐದು ಯಾರ್ಡ್ ದಂಡ. ಇಡೀ ಸಂಜೆ ಗಡಿಯಾರದ ಜೊತೆ ಹೀಗೆ ಜಗಳವಾಡಿದ ತಂಡಕ್ಕೆ ಕೊನೆಯ 14 ಸೆಕೆಂಡ್‌ನಲ್ಲಿ ಮಾತ್ರ ಅನ್ಯಾಯವಾಯಿತಂತೆ! ಪ್ರೇಕ್ಷಕರು ಅಧಿಕಾರಿಗಳ ಮೇಲೆ ವಸ್ತುಗಳನ್ನು ಎಸೆದರು. ಪ್ರೆಸ್ಕಾಟ್ ಆ ಕ್ಷಣದ ಸಿಟ್ಟಿನಲ್ಲಿ ಎಸೆದವರನ್ನೇ ಮೆಚ್ಚಿ ಮಾತಾಡಿದರು. ಆಮೇಲೆ ಕ್ಷಮೆ ಕೇಳಿದರು, 25,000 ಡಾಲರ್ ದಂಡವನ್ನೂ ಕಟ್ಟಿದರು.

ಇನ್ನು ನೀವು ನೇರವಾಗಿ ಕೇಳದೇ ಇದ್ದರೂ ಪ್ರಶ್ನೆಯ ಬಾಲದಲ್ಲಿ ಕೂತಿರುವ ಮಾತು: ನಿಜವಾಗಿಯೂ ಅಧಿಕಾರಿಗಳದೇ ತಪ್ಪು ಅಂತಾದರೆ ಫಲಿತಾಂಶ ಬದಲಾಗುತ್ತದಾ? ಇಲ್ಲ. ತಪ್ಪು ಹಗಲಿನಷ್ಟು ಸ್ಪಷ್ಟವಾಗಿದ್ದರೂ ಇಲ್ಲ.

2019ರ ಜನವರಿ 20ರ ನ್ಯೂ ಆರ್ಲಿಯನ್ಸ್ ಪಂದ್ಯ ನೋಡಿ. ಗೆದ್ದವರಿಗೆ ಸೂಪರ್ ಬೌಲ್, ಅಂದರೆ ಫೈನಲ್. ಸೇಂಟ್ಸ್ ಮತ್ತು ರ‍್ಯಾಮ್ಸ್ 20-20ರ ಸಮಬಲದಲ್ಲಿದ್ದರು, ಎರಡು ನಿಮಿಷವೂ ಉಳಿದಿರಲಿಲ್ಲ. ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್, ಚೆಂಡು ಬರುವ ಮೊದಲೇ ಸೇಂಟ್ಸ್ ಆಟಗಾರ ಟಾಮಿಲೀ ಲೂಯಿಸ್‌ಗೆ ಹೋಗಿ ಗುದ್ದಿದರು. ಇಡೀ ಸ್ಟೇಡಿಯಂಗೆ ಕಂಡಿತು, ತಪ್ಪು ತೋರಿಸುವ ಅಧಿಕಾರಿಗಳ ಬಾವುಟ ಮಾತ್ರ ಬೀಳಲಿಲ್ಲ. ಸೇಂಟ್ಸ್ ಮೂರು ಪಾಯಿಂಟ್‌ಗೆ ತೃಪ್ತಿಪಡಬೇಕಾಯಿತು. ರ‍್ಯಾಮ್ಸ್ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 57 ಯಾರ್ಡ್‌ನಿಂದ ಒದ್ದು 26-23ಕ್ಕೆ ಗೆದ್ದಿತು. ತಾನು ಬೇಗ ಗುದ್ದಿದೆ ಅಂತ ರೋಬಿ-ಕೋಲ್ಮನ್ ಅವರೇ ಒಪ್ಪಿಕೊಂಡರು. ಹೆಲ್ಮೆಟ್ ತಾಗಿಸಿದ್ದಕ್ಕೆ ಅವರಿಗೆ 26,739 ಡಾಲರ್ ದಂಡವೂ ಬಿತ್ತು. ಬಾವುಟ ಬೀಳಬೇಕಿತ್ತು ಅಂತ ಎನ್‌ಎಫ್‌ಎಲ್ ಕೂಡ ಒಪ್ಪಿತು. ಫಲಿತಾಂಶ ಹಾಗೇ ಉಳಿಯಿತು.

ನಿಯಮಾವಳಿಯ 17ನೇ ನಿಯಮದಲ್ಲಿ ಕಮಿಷನರ್‌ಗೆ (ಲೀಗಿನ ಮುಖ್ಯಸ್ಥರಿಗೆ) ಫಲಿತಾಂಶ ಬದಲಿಸುವ ಅಧಿಕಾರವಿದೆ ಅಂತ ಅಭಿಮಾನಿಗಳು ಆಗ ಹುಡುಕಿ ತೆಗೆದರು. ಇದೆ, ನಿಜ. ಆದರೆ ಮುಂದಿನ ಸಾಲುಗಳನ್ನೂ ಓದಬೇಕಿತ್ತು. ಅಧಿಕಾರಿಗಳು ತೀರ್ಪಿನಲ್ಲಿ ಎಡವಿದರೆ, ಏನಾದರೂ ಗಮನಿಸದೆ ಬಿಟ್ಟರೆ, ಅದಕ್ಕೆ ಈ ಅಧಿಕಾರ ಬಳಸುವುದಿಲ್ಲ ಅಂತ ಅಲ್ಲೇ ಬರೆದಿದೆ. ಅದು ಆಟದ ಹೊರಗಿನ ಅಸಾಮಾನ್ಯ ಅನ್ಯಾಯಕ್ಕೆ ಮಾತ್ರ.

ಆ ಗಲಾಟೆಯಲ್ಲಿ ಎಲ್ಲರೂ ಮರೆತ ಸಂಗತಿ ಇನ್ನೊಂದಿದೆ. ಅದೇ ಸರಣಿಯ ಮೊದಲ ಆಟದಲ್ಲಿ, ಎದುರಾಳಿಯ 13 ಯಾರ್ಡ್ ಹತ್ತಿರ ನಿಂತು, ಸೇಂಟ್ಸ್ ಪಾಸ್ ಎಸೆದಿತು. ಅದು ನೆಲಕ್ಕೆ ಬಿತ್ತು, ಗಡಿಯಾರ ನಿಂತಿತು. ಓಡಿದ್ದರೆ ರ‍್ಯಾಮ್ಸ್ ತನ್ನ ಟೈಮ್‌ಔಟ್ ಖರ್ಚು ಮಾಡಬೇಕಿತ್ತು. ಸೇಂಟ್ಸ್ ಅದನ್ನು ಪುಕ್ಕಟೆ ಉಳಿಸಿಕೊಟ್ಟಿತು. ರ‍್ಯಾಮ್ಸ್‌ಗೆ ವಾಪಸ್ ಬರಲು 1 ನಿಮಿಷ 41 ಸೆಕೆಂಡ್ ಸಿಕ್ಕಿದ್ದರ ಹಿಂದೆ ಇದೂ ಇದೆ. ಅಧಿಕಾರಿಗಳ ತಪ್ಪು ದೊಡ್ಡದೇ, ಅನುಮಾನವಿಲ್ಲ. ಹಾಗಂತ ಸೇಂಟ್ಸ್ ತಂಡದ ಆಗಿನ ಕೋಚ್ ಶಾನ್ ಪೇಟನ್ ತಪ್ಪು ಮಾಯವಾಗುವುದಿಲ್ಲ.

ಅದಾದ ಮೇಲೆ 2019ರ ಋತುವಿನಲ್ಲಿ ಇಂಥ ಗುದ್ದಾಟವನ್ನೂ ವಿಡಿಯೋದಲ್ಲಿ ಪರಿಶೀಲಿಸುವ ನಿಯಮ ತಂದರು. ಒಂದೇ ವರ್ಷ. ಯಾವುದನ್ನು ಬದಲಿಸುತ್ತಾರೆ, ಯಾವುದನ್ನು ಬಿಡುತ್ತಾರೆ ಅಂತ ಕೋಚ್‌ಗಳಿಗೂ ತಿಳಿಯದೆ ತಲೆಕೆಟ್ಟಿತು. 2020ಕ್ಕೆ ಅದನ್ನು ಕೈಬಿಟ್ಟರು. ಕಾಲು ಗೆರೆಯ ಮೇಲಿತ್ತಾ ಇಲ್ಲವಾ ಅನ್ನುವುದನ್ನು ಕ್ಯಾಮೆರಾ ಹೇಳಬಲ್ಲದು. ತಳ್ಳಿದ್ದು ಜಾಸ್ತಿಯಾಯಿತಾ ಅನ್ನುವುದನ್ನು ಯಾವ ಕ್ಯಾಮೆರಾ ಹೇಳುತ್ತದೆ? ಎಲ್ಲದಕ್ಕೂ ವಿಡಿಯೋ ಇಟ್ಟರೆ ಆಯಿತು ಅನ್ನುವವರು ಆ ಒಂದು ವರ್ಷದ ಪಂದ್ಯಗಳನ್ನು ನೋಡಬೇಕು.

ಗಡಿಯಾರವೇ ತಪ್ಪಿದ ಉದಾಹರಣೆ ಬೇಕಾ? 2015ರ ಅಕ್ಟೋಬರ್ 12, ಸ್ಯಾನ್ ಡಿಯಾಗೋ. ಚಾರ್ಜರ್ಸ್ ತಂಡದ ಕಿಕ್ ಗೋಲ್ ಗೆರೆಯಾಚೆಯ ಎಂಡ್‌ಝೋನ್ ದಾಟಿತು. ಅದು ಟಚ್‌ಬ್ಯಾಕ್, ಅಂದರೆ ಚೆಂಡನ್ನು ಯಾರೂ ಹಿಡಿದು ಓಡಲಿಲ್ಲ. ಗಡಿಯಾರ ಒಂದು ಸೆಕೆಂಡ್ ಕೂಡ ಓಡಬಾರದಿತ್ತು. 18 ಸೆಕೆಂಡ್ ಓಡಿಬಿಟ್ಟಿತು. ಏಳು ಅಧಿಕಾರಿಗಳು, ಎರಡು ತಂಡಗಳ ಕೋಚ್‌ಗಳು, ಯಾರಿಗೂ ಆ ಹೊತ್ತಿಗೆ ಗೊತ್ತಾಗಲಿಲ್ಲ. ಗಡಿಯಾರದ ಹೊಣೆ ಹೊತ್ತ ಸೈಡ್ ಜಡ್ಜ್‌ಗೆ ಒಂದು ಪಂದ್ಯದ ಅಮಾನತು. ವಿಚಿತ್ರ ಅಂದರೆ ಆ 18 ಸೆಕೆಂಡ್ ಕಳೆದುಕೊಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಕೊನೆಯ ಆಟದಲ್ಲಿ ಟಚ್‌ಡೌನ್ ಹೊಡೆದು (ಚೆಂಡನ್ನು ಗೋಲ್ ಗೆರೆ ದಾಟಿಸಿ) 24-20ಕ್ಕೆ ಗೆದ್ದಿತು. ಸೋತಿದ್ದರೆ ಇವತ್ತಿಗೂ ಪಿಟ್ಸ್‌ಬರ್ಗ್‌ನಿಂದ ನನಗೆ ಪತ್ರ ಬರುತ್ತಿತ್ತು.

ಹಳೆಯ ಕಾಲದಲ್ಲಿ ಇದಕ್ಕಿಂತ ಘೋರವಾದದ್ದೂ ನಡೆದಿದೆ. 1968ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಸಿಗಬೇಕಾದ ಒಂದು ಡೌನನ್ನೇ ಅಧಿಕಾರಿಗಳು ಲೆಕ್ಕ ತಪ್ಪಿ ನುಂಗಿದರು. ರ‍್ಯಾಮ್ಸ್ ಶಿಕಾಗೋ ಬೇರ್ಸ್‌ಗೆ 17-16ರಲ್ಲಿ ಸೋತಿತು. ಆ ಅಧಿಕಾರಿಗಳ ತಂಡವನ್ನು ಉಳಿದ ಋತುವಿಗೆ ಮನೆಗೆ ಕಳಿಸಿದರು. ಸ್ಕೋರು ಮಾತ್ರ 17-16 ಆಗಿಯೇ ದಾಖಲೆಯಲ್ಲಿದೆ.

ಕೊನೆಯಲ್ಲಿ ಕೌಬಾಯ್ಸ್ ಅಭಿಮಾನಿಗಳಿಗೆ ಒಂದು ವಿಷಯ. 2023ರ ಡಿಸೆಂಬರ್ 30, ಅದೇ ಅರ್ಲಿಂಗ್ಟನ್ ಮೈದಾನ. ಡೆಟ್ರಾಯಿಟ್ ಲಯನ್ಸ್ ಒಂದು ಪಾಯಿಂಟ್ ಹಿಂದಿತ್ತು, 23 ಸೆಕೆಂಡ್ ಬಾಕಿ. ಟಚ್‌ಡೌನ್ ನಂತರ ಸಿಗುವ ಹೆಚ್ಚುವರಿ ಪ್ರಯತ್ನದಲ್ಲಿ ಎರಡು ಪಾಯಿಂಟ್‌ಗೆ ಹೋದರು. ಲೈನ್‌ನ ಆಟಗಾರ ಟೇಲರ್ ಡೆಕರ್ ಪಾಸ್ ಹಿಡಿದರು. ಆದರೆ ರೆಫರಿ ಬ್ರ್ಯಾಡ್ ಆಲೆನ್, ಪಾಸ್ ಹಿಡಿಯಲು ಅರ್ಹ ಎಂದು ತಮಗೆ ತಿಳಿಸಿದ್ದು 68ನೇ ಅಂಗಿಯ ಡೆಕರ್ ಅಲ್ಲ, 70ನೇ ಅಂಗಿಯ ಡ್ಯಾನ್ ಸ್ಕಿಪರ್ ಅಂದರು. ಬಾವುಟ ಬಿತ್ತು, ಪಾಯಿಂಟ್ ಹೋಯಿತು. ಆಮೇಲಿನ ಪ್ರಯತ್ನಗಳೂ ಕೈಗೂಡಲಿಲ್ಲ. ಡಲ್ಲಾಸ್ 20-19ಕ್ಕೆ ಗೆದ್ದಿತು. ಪಂದ್ಯಕ್ಕೆ ಮುಂಚೆಯೇ ಈ ಆಟವನ್ನು ಅಧಿಕಾರಿಗಳಿಗೆ ವಿವರಿಸಿದ್ದೆವು ಅಂತ ಲಯನ್ಸ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಹೇಳಿದರು. ಮಿಷಿಗನ್‌ನ ನಮ್ಮವರು ಇದರ ಬಗ್ಗೆ ಇವತ್ತಿಗೂ ಬರೆಯುತ್ತಾರೆ. ಫ್ರಿಸ್ಕೋದಿಂದ ಮಾತ್ರ ಇದರ ಬಗ್ಗೆ ಒಂದು ಪ್ರಶ್ನೆಯೂ ಬಂದಿಲ್ಲ.