ಕೂತಿದ್ದು, ಮಂಡಿಯೂರಿದ್ದು, ಆಮೇಲೆ ಕೆಲಸ ಹೋಗಿದ್ದು: ಕ್ಯಾಪರ್ನಿಕ್ ಕಥೆ, ತಾರೀಕು ಹಿಡಿದು

ಮೊದಲ ಎರಡು ಸಲ ಅವನು ಕೂತಿದ್ದನ್ನು ಯಾರೂ ಗಮನಿಸಲೇ ಇಲ್ಲ. 2016ರ ಆಗಸ್ಟ್. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯಗಳು ನಡೆಯುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ) ಕಾಲಿನ್ ಕ್ಯಾಪರ್ನಿಕ್ ಆಡುತ್ತಿರಲಿಲ್ಲ, ಜೆರ್ಸಿ ಕೂಡ ಹಾಕಿರಲಿಲ್ಲ. ರಾಷ್ಟ್ರಗೀತೆ ಹಾಡುವಾಗ ಸುಮ್ನೆ ಕೂತಿದ್ದ, ಅಷ್ಟೇ. ಆಗಸ್ಟ್ 26ರಂದು ಮೂರನೇ ಪಂದ್ಯ, ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. (ಅಲ್ಲಿ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಕನ್ನಡದವರಿಗೆ ಈ ಜಾಗ ಹೇಳಬೇಕಾಗಿಲ್ಲ, ಪಂದ್ಯದ ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೇ ಇರುತ್ತೀರಿ.) ಆವತ್ತು ಪತ್ರಕರ್ತೆಯೊಬ್ಬರು ತಂಡದವರು ಚೆಲ್ಲಾಪಿಲ್ಲಿಯಾಗಿ ನಿಂತ ರೀತಿ ನೋಡಿ ಒಂದು ಫೋಟೊ ಟ್ವಿಟರ್‌ಗೆ ಹಾಕಿದರು. ಅದರಲ್ಲಿ ಕೂಲರ್‌ಗಳ ಹತ್ತಿರ ಒಬ್ಬನೇ ಕೂತಿದ್ದವನು ಯಾರು ಅಂತ ಜನ ಹುಡುಕಿದಾಗಲೇ ವಿಷಯ ಹೊರಗೆ ಬಂದಿದ್ದು.

ಅಲ್ಲಿಂದ ಇಲ್ಲಿಯವರೆಗೆ ಈ ಕಥೆಗೆ ಎಷ್ಟು ಪದರ ಸೇರಿಕೊಂಡಿದೆ ಅಂದರೆ, ಅವನ ಕೆಲಸ ಯಾಕೆ ಹೋಯಿತು ಅಂತ ಕೇಳಿದರೆ ಎಲ್ಲರೂ ಎರಡೇ ಉತ್ತರ ಕೊಡುತ್ತಾರೆ. ಒಂದು, ಕಪ್ಪು ಜನರ ಮೇಲಿನ ದಬ್ಬಾಳಿಕೆಯ ವಿರುದ್ಧ ಹೀಗೆ ಪ್ರತಿಭಟನೆ ಮಾಡಿದ್ದಕ್ಕೆ ಕೆಲಸದಿಂದ ತೆಗೆದರು. ಇನ್ನೊಂದು, ಆಟ ಹೋಗಿತ್ತು, ಅದಕ್ಕೇ ಯಾರೂ ಕರೆಯಲಿಲ್ಲ. ನಿಜ ಹೇಳಬೇಕೆಂದರೆ ಎರಡಕ್ಕೂ ತಾರೀಕುಗಳು ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರೋಣ.

ಹುಟ್ಟಿದ್ದು 1987ರಲ್ಲಿ, ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ. ಬಿಳಿಯ ದಂಪತಿ ದತ್ತು ತೆಗೆದುಕೊಂಡರು. ನಾಲ್ಕು ವರ್ಷದವನಿದ್ದಾಗ ಮನೆಯವರು ಕ್ಯಾಲಿಫೋರ್ನಿಯಾದ ಟರ್ಲಾಕ್‌ಗೆ ಬಂದರು. ಹುಡುಗನ ಕೈ ಎಷ್ಟು ಜೋರು ಅಂದರೆ 2009ರಲ್ಲಿ ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಅವನ ಹೆಸರು ತೆಗೆದುಕೊಂಡಿತ್ತು. ಅವನು ಫುಟ್‌ಬಾಲ್ ಬಿಡಲಿಲ್ಲ.

ಕಾಲೇಜು ಆಡಿದ್ದು ರೀನೊದ ನೆವಾಡಾ ವಿಶ್ವವಿದ್ಯಾಲಯಕ್ಕೆ. ಇದು ದೊಡ್ಡ ಹೆಸರಿನ ತಂಡವೇನಲ್ಲ. ಆದರೆ ಅಲ್ಲಿನ ಕೋಚ್ ಕ್ರಿಸ್ ಆಲ್ಟ್ 'ಪಿಸ್ಟಲ್' ಅನ್ನುವ ಒಂದು ವ್ಯೂಹ ಕಟ್ಟಿದ್ದರು. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಡುವವನಿಂದ ನಾಲ್ಕು ಗಜ ಹಿಂದೆ ನಿಲ್ಲುತ್ತಾನೆ, ಅವನ ಬೆನ್ನ ಹಿಂದೆಯೇ ಓಡುವ ಆಟಗಾರ. ಇದರ ಜೊತೆಗೆ ಬರುವ ಆಟ 'ರೀಡ್ ಆಪ್ಷನ್'. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅವನ ಅರ್ಧ ಹೆಸರು ಇದರಿಂದಲೇ ಬಂದಿದ್ದು.

ಸಾಮಾನ್ಯವಾಗಿ ಎದುರಾಳಿಯ ಒಬ್ಬೊಬ್ಬನನ್ನೂ ತಡೆಯಲು ನಮ್ಮವನೊಬ್ಬ ಇರುತ್ತಾನೆ. ರೀಡ್ ಆಪ್ಷನ್‌ನಲ್ಲಿ ತುದಿಯಲ್ಲಿರುವ ಒಬ್ಬ ಡಿಫೆಂಡರ್‌ನನ್ನು ಬೇಕಂತಲೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು, ಕೊಡದೆ, ಆ ಒಬ್ಬನ ಕಾಲನ್ನೇ ನೋಡುತ್ತಿರುತ್ತಾನೆ. ಅವನು ಓಟಗಾರನ ಕಡೆ ನುಗ್ಗಿದರೆ ಚೆಂಡು ವಾಪಸ್ ಎಳೆದುಕೊಂಡು ತಾನೇ ಓಡುತ್ತಾನೆ. ಅವನು ಅಲ್ಲೇ ನಿಂತರೆ ಚೆಂಡು ಕೊಟ್ಟುಬಿಡುತ್ತಾನೆ. ಅಂದರೆ ಆ ಡಿಫೆಂಡರ್ ಏನೇ ಮಾಡಿದರೂ ತಪ್ಪು. ನಿರ್ಧಾರಕ್ಕೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕ್ಯಾಪರ್ನಿಕ್‌ಗೆ ಇದು ನೀರು ಕುಡಿದಷ್ಟು ಸಲೀಸು. ಕಾಲೇಜಿನಲ್ಲಿ ಎಸೆತದಿಂದ 10,000 ಗಜ, ಓಟದಿಂದ 4,000 ಗಜ ದಾಟಿದ.

2011ರ ಡ್ರಾಫ್ಟ್‌ನಲ್ಲಿ 36ನೇ ಆಯ್ಕೆಯಾಗಿ ಫಾರ್ಟಿನೈನರ್ಸ್ ತೆಗೆದುಕೊಂಡಿತು. ಕೋಚ್ ಜಿಮ್ ಹಾರ್ಬಾ. ಆದರೆ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಆಗಿದ್ದ, ಚೆನ್ನಾಗಿಯೂ ಆಡುತ್ತಿದ್ದ. 2012ರ ನವೆಂಬರ್‌ನಲ್ಲಿ ಸ್ಮಿತ್ ತಲೆಗೆ ಪೆಟ್ಟು ಬಿತ್ತು. ಮುಂದಿನ ವಾರ ಸೋಮವಾರ ರಾತ್ರಿಯ ಪಂದ್ಯ, ಎದುರಿಗೆ ಶಿಕಾಗೊ ಬೇರ್ಸ್. ಕ್ಯಾಪರ್ನಿಕ್‌ಗೆ ಮೊದಲ ಬಾರಿ ಶುರುವಿನಿಂದ ಆಡುವ ಅವಕಾಶ. 32-7ಕ್ಕೆ ಗೆಲುವು. ಸ್ಮಿತ್ ಗುಣವಾಗಿ ಬಂದಾಗ ಅವನ ಜಾಗ ಇರಲಿಲ್ಲ. ಒಂದು ಪೆಟ್ಟು, ಒಂದು ವಾರ, ಕೆಲಸ ಹೋಯಿತು. ಆಗ ಯಾರೂ ಇದನ್ನು ಅನ್ಯಾಯ ಅನ್ನಲಿಲ್ಲ, ಆಟ ಅಂದರೆ ಹೀಗೇ ಅಂದರು.

ಈ ಕಥೆಯಲ್ಲಿ ನನಗೆ ಮತ್ತೆ ಮತ್ತೆ ನೋಡಬೇಕೆನಿಸುವುದು 2013ರ ಜನವರಿ 12ರ ರಾತ್ರಿ. ಹಳೆಯ ಕ್ಯಾಂಡಲ್‌ಸ್ಟಿಕ್ ಪಾರ್ಕ್, ಪ್ಲೇಆಫ್ (ನಾಕೌಟ್) ಪಂದ್ಯ, ಎದುರಿಗೆ ಗ್ರೀನ್ ಬೇ ಪ್ಯಾಕರ್ಸ್, ಅಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್. ಕ್ಯಾಪರ್ನಿಕ್ ಶುರುವಿನಲ್ಲೇ ಎಸೆದ ಒಂದು ಚೆಂಡನ್ನು ಎದುರಾಳಿ ಹಿಡಿದು 52 ಗಜ ಓಡಿ ಟಚ್‌ಡೌನ್ (ಕೊನೆಯ ಗೆರೆ ದಾಟಿ ಅಂಕ) ಮಾಡಿಬಿಟ್ಟ. ಬೇರೆ ಹುಡುಗ ಆಗಿದ್ದರೆ ಅಲ್ಲಿಗೇ ಕುಗ್ಗುತ್ತಿದ್ದ. ಇವನು 20 ಗಜ ಓಡಿ ಸಮ ಮಾಡಿದ. ಮೂರನೇ ಕ್ವಾರ್ಟರ್‌ನಲ್ಲಿ 24-24. ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತುತ್ತಾನೆ, ಎಲ್ಲರೂ ಆ ಕಡೆ ವಾಲುತ್ತಾರೆ, ಚೆಂಡು ಎಳೆದುಕೊಂಡು ಬಲಕ್ಕೆ ತಿರುಗುತ್ತಾನೆ. ಅಲ್ಲಿ ಯಾರೂ ಇಲ್ಲ. 56 ಗಜ. ಅವನ ಕಾಲು ಉದ್ದ, ಓಡುತ್ತಿದ್ದಾನೆ ಅಂತ ಅನ್ನಿಸುವುದೇ ಇಲ್ಲ, ಹಿಂದೆ ಬೀಳುತ್ತಿರುವವರನ್ನು ನೋಡಿದರೆ ಮಾತ್ರ ವೇಗ ಗೊತ್ತಾಗುತ್ತದೆ. ಗೆರೆ ದಾಟಿ ತನ್ನ ತೋಳಿಗೆ ತಾನೇ ಮುತ್ತು ಕೊಟ್ಟ. ಆ ರಾತ್ರಿ ಓಟದಿಂದಲೇ 181 ಗಜ, ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಆಗ ಅದು ದಾಖಲೆ. 45-31ಕ್ಕೆ ಗೆಲುವು.

ಮೂರು ವಾರದ ಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಅವನು ಶುರುವಿನಿಂದ ಆಡಿದ ಹತ್ತನೇ ಪಂದ್ಯ ಅದು, ಲೆಕ್ಕ ಹಾಕಿ. ಬಾಲ್ಟಿಮೋರ್ ರೇವನ್ಸ್ ಎದುರು 6-28ರಲ್ಲಿ ಹಿಂದೆ ಬಿದ್ದಾಗ ಕ್ರೀಡಾಂಗಣದಲ್ಲಿ ಕರೆಂಟ್ ಹೋಯಿತು. (ಹೌದು, ಅಮೆರಿಕದಲ್ಲೂ ಹೋಗುತ್ತದೆ, 34 ನಿಮಿಷ.) ಕರೆಂಟ್ ಬಂದ ಮೇಲೆ ಬೇರೆಯೇ ತಂಡ ಆಡಿದ ಹಾಗಿತ್ತು. ಕೊನೆಗೆ 29-34, ಇನ್ನು ಎರಡು ನಿಮಿಷ ಚಿಲ್ಲರೆ, ಗೆಲ್ಲಲು ಐದೇ ಗಜ ಬಾಕಿ. ಮೂರು ಎಸೆತ, ಮೂರೂ ಜೊತೆಗಾರ ಮೈಕಲ್ ಕ್ರಾಬ್‌ಟ್ರೀ ಕಡೆಗೆ, ಮೂರೂ ವ್ಯರ್ಥ. ಅಷ್ಟು ಓಡಿದ ಹುಡುಗನ ಕೈಯಲ್ಲಿ ಅಲ್ಲಿ ಒಂದು ಸಲವಾದರೂ ಓಡಿಸಬಾರದಿತ್ತೇ ಅಂತ ಅಭಿಮಾನಿಗಳು ಇವತ್ತಿಗೂ ಹಲುಬುತ್ತಾರೆ. ನಾನೂ ಆ ಗುಂಪಿನವನೇ.

ಮುಂದಿನ ವರ್ಷ ಸಿಯಾಟಲ್‌ನಲ್ಲಿ ಸೆಮಿಫೈನಲ್ ಥರದ ಪಂದ್ಯ. ಮತ್ತೆ ಕೊನೆಯ ಎಸೆತ, ಮತ್ತೆ ಕ್ರಾಬ್‌ಟ್ರೀ ಕಡೆಗೆ, ಎದುರಾಳಿ ರಿಚರ್ಡ್ ಶರ್ಮನ್ ಬೆರಳು ತಾಗಿಸಿ ತಪ್ಪಿಸಿದ. ಆದರೂ 2014ರ ಜೂನ್‌ನಲ್ಲಿ ಆರು ವರ್ಷದ ಹೊಸ ಒಪ್ಪಂದ ಆಯಿತು. ಪತ್ರಿಕೆಗಳು 12.6 ಕೋಟಿ ಡಾಲರ್ ಅಂತ ಬರೆದವು. ಸಹಿ ಹಾಕಿದ ದಿನ ಪೂರ್ತಿ ಖಾತ್ರಿ ಇದ್ದದ್ದು ಸುಮಾರು 1.3 ಕೋಟಿ ಮಾತ್ರ. ಈ ಲೀಗ್‌ನಲ್ಲಿ ಒಪ್ಪಂದ ಅಂದರೆ ಹೀಗೆ. ದೊಡ್ಡ ಅಂಕಿ ಪೇಪರ್‌ಗೆ, ಚಿಕ್ಕ ಅಂಕಿ ಆಟಗಾರನಿಗೆ.

ಆಮೇಲೆ ಇಳಿಜಾರು. 2014ರಲ್ಲಿ ಎಂಟು ಗೆಲುವು, ಎಂಟು ಸೋಲು, ಹಾರ್ಬಾ ಹೊರಟರು. 2015ರಲ್ಲಿ ಹೊಸ ಕೋಚ್, ಕ್ಯಾಪರ್ನಿಕ್ ಬೆಂಚಿಗೆ. ಭುಜ, ಹೆಬ್ಬೆರಳು, ಮಂಡಿ ಮೂರಕ್ಕೂ ಶಸ್ತ್ರಚಿಕಿತ್ಸೆ. 2016ಕ್ಕೆ ಇನ್ನೊಬ್ಬ ಕೋಚ್. ಮೊದಲು ಹೇಳಿದ ಆ ಆಗಸ್ಟ್ ಬರುವಾಗ ಅವನು ತಂಡದ ಎರಡನೇ ಕ್ವಾರ್ಟರ್‌ಬ್ಯಾಕ್. ಇದನ್ನು ನೆನಪಿಡಿ, ಪ್ರತಿಭಟನೆಗೂ ಮೊದಲೇ ಅವನ ಜಾಗ ಹೋಗಿತ್ತು.

ಈಗ ರಾಷ್ಟ್ರಗೀತೆಯ ವಿಷಯ. 1918ರಲ್ಲಿ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಹಾಡಿದ್ದು, 1931ರಲ್ಲಿ ಅಧಿಕೃತ ರಾಷ್ಟ್ರಗೀತೆಯಾಗಿದ್ದು, ಎರಡನೇ ಮಹಾಯುದ್ಧದ ಕಾಲಕ್ಕೆ ಪಂದ್ಯದ ಭಾಗವೇ ಆಗಿಹೋಯಿತು. ಆದರೆ ಫುಟ್‌ಬಾಲ್ ಆಟಗಾರರೆಲ್ಲ ಪ್ರತಿ ಪಂದ್ಯಕ್ಕೂ ಮೈದಾನಕ್ಕೆ ಬಂದು ಸಾಲಾಗಿ ನಿಲ್ಲುವ ಪದ್ಧತಿ ಬಂದಿದ್ದು 2009ರಿಂದ ಈಚೆಗೆ. ಅದಕ್ಕೂ ಮುಂಚೆ ಎಷ್ಟೋ ಪಂದ್ಯದಲ್ಲಿ ಹಾಡು ಮುಗಿಯುವ ತನಕ ಡ್ರೆಸ್ಸಿಂಗ್ ರೂಮಿನಲ್ಲೇ ಇರುತ್ತಿದ್ದರು. ಅಜ್ಜನ ಕಾಲದಿಂದ ಬಂದ ಸಂಪ್ರದಾಯ ಅಂತ ಜಗಳ ಆಡಿದವರಲ್ಲಿ ಬಹಳ ಜನಕ್ಕೆ ಇದು ಗೊತ್ತಿರಲಿಕ್ಕಿಲ್ಲ. (ನಮ್ಮಲ್ಲೂ ಸಿನಿಮಾ ಥಿಯೇಟರ್‌ನಲ್ಲಿ ರಾಷ್ಟ್ರಗೀತೆ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಕ್ಯಾಪರ್ನಿಕ್ ಕೂತ ವರ್ಷವೇ, 2016ರ ನವೆಂಬರ್‌ನಲ್ಲಿ, ಸಡಿಲಿಸಿದ್ದು 2018ರಲ್ಲಿ. ಕಾಕತಾಳೀಯ ಅಷ್ಟೇ.)

2016ರ ಜುಲೈನಲ್ಲಿ ಆಲ್ಟನ್ ಸ್ಟರ್ಲಿಂಗ್, ಫಿಲಾಂಡೊ ಕಸ್ಟೀಲ್ ಎಂಬ ಇಬ್ಬರು ಕಪ್ಪು ಜನಾಂಗದವರು ಒಂದೇ ದಿನದ ಅಂತರದಲ್ಲಿ ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ವಿಡಿಯೊಗಳನ್ನು ದೇಶವೇ ನೋಡಿತ್ತು. ಯಾಕೆ ಕೂತೆ ಅಂತ ಕೇಳಿದಾಗ ಕ್ಯಾಪರ್ನಿಕ್ ಹೇಳಿದ್ದರ ಸಾರ ಇಷ್ಟು: ಕಪ್ಪು ಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆ ತೋರಿಸಲು ನಾನು ಎದ್ದು ನಿಲ್ಲುವುದಿಲ್ಲ.

ಇಲ್ಲಿ ಬರುತ್ತಾನೆ ನೇಟ್ ಬಾಯರ್. ಸೇನೆಯ ವಿಶೇಷ ಪಡೆಯಲ್ಲಿದ್ದವನು, ಆಮೇಲೆ ಸಿಯಾಟಲ್ ತಂಡದ ಜೊತೆ ಸ್ವಲ್ಪ ದಿನ ಫುಟ್‌ಬಾಲ್ ಆಡಿದವನು. ಅವನು ಕ್ಯಾಪರ್ನಿಕ್‌ಗೆ ಬಹಿರಂಗ ಪತ್ರ ಬರೆದ. ಬೈಯಲಿಲ್ಲ, ನನಗೆ ನೋವಾಗಿದೆ, ಆದರೂ ಕೇಳಿಸಿಕೊಳ್ಳುತ್ತೇನೆ ಅಂದ. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯೇಗೊದಲ್ಲಿ ಪಂದ್ಯ. ಅದಕ್ಕೆ ಕೆಲವೇ ಗಂಟೆ ಮುಂಚೆ ಹೋಟೆಲ್ ಲಾಬಿಯಲ್ಲಿ ಇಬ್ಬರೂ ಕೂತು ಮಾತಾಡಿದರು, ಜೊತೆಗೆ ಕ್ಯಾಪರ್ನಿಕ್ ತಂಡದವನೇ ಆದ ಎರಿಕ್ ರೀಡ್. ಒಬ್ಬನೇ ಬೆಂಚಿನ ಮೇಲೆ ಕೂರಬೇಡ, ಉಳಿದವರ ಪಕ್ಕದಲ್ಲಿ ಮಂಡಿಯೂರು ಅಂದಿದ್ದು ಬಾಯರ್. ಸತ್ತ ಜೊತೆಗಾರನ ಸಮಾಧಿಯ ಮುಂದೆ ಸೈನಿಕರು ಮಂಡಿಯೂರುತ್ತಾರೆ, ಅದು ಗೌರವ, ಅನ್ನುವುದು ಅವನ ಮಾತು. ಆ ಸಂಜೆ ಕ್ಯಾಪರ್ನಿಕ್ ಮತ್ತು ರೀಡ್ ಮಂಡಿಯೂರಿದರು. ಪಕ್ಕದಲ್ಲೇ ಬಾಯರ್ ಎದೆಯ ಮೇಲೆ ಕೈ ಇಟ್ಟು ನೆಟ್ಟಗೆ ನಿಂತಿದ್ದ. ಸೇನೆಗೆ ಗೌರವ ಅಂತ ಆತಿಥೇಯ ತಂಡ ಮೊದಲೇ ಗೊತ್ತುಮಾಡಿದ್ದ ರಾತ್ರಿ ಅದು. ಗ್ಯಾಲರಿಯಿಂದ ಬೊಬ್ಬೆ ಬಿತ್ತು.

ಅಂದರೆ ಸೈನಿಕರಿಗೆ ಅವಮಾನ ಅಂತ ಆಮೇಲೆ ಇಡೀ ದೇಶ ಕಚ್ಚಾಡಿದ ಆ ಭಂಗಿಯನ್ನು ಹೇಳಿಕೊಟ್ಟಿದ್ದೇ ಒಬ್ಬ ಮಾಜಿ ಸೈನಿಕ, ಅದೂ ಕೂರುವುದಕ್ಕಿಂತ ಮರ್ಯಾದೆಯಾಗಿ ಕಾಣಲಿ ಅಂತ. ಈ ವಿವರ ಬಿಟ್ಟು ಹೋಗಿದ್ದಕ್ಕೇ ಅರ್ಧ ಗೊಂದಲ ಅಂತ ನನ್ನ ಅನಿಸಿಕೆ. ಪೊಲೀಸ್ ಟೋಪಿ ಹಾಕಿದ ಹಂದಿ ಚಿತ್ರದ ಕಾಲುಚೀಲ ಹಾಕಿ ಅಭ್ಯಾಸಕ್ಕೆ ಬಂದಿದ್ದ ಫೋಟೊ ಕೂಡ ಅದೇ ವಾರ ಓಡಾಡಿತು. ಅದರಿಂದ ಅವನ ಪರ ಮಾತಾಡುವವರಿಗೂ ಕಷ್ಟವಾಯಿತು, ಸುಳ್ಳು ಹೇಳಬಾರದು.

ಸೀಸನ್ ನಡುವೆ ಮತ್ತೆ ಆಡುವ ಅವಕಾಶ ಸಿಕ್ಕಿತು. ತಂಡ 16ರಲ್ಲಿ ಎರಡೇ ಪಂದ್ಯ ಗೆದ್ದಿತು, ಅವನು ಶುರುವಿನಿಂದ ಆಡಿದ 11ರಲ್ಲಿ ಒಂದೇ ಗೆಲುವು. 'ಆಟ ಹೋಗಿತ್ತು' ಅನ್ನುವವರ ಅಂಕಿ ಇದು. ಆದರೆ ಅದೇ ಸೀಸನ್‌ನಲ್ಲಿ ಅವನದು 16 ಟಚ್‌ಡೌನ್ ಎಸೆತ, ಎದುರಾಳಿ ಕೈಗೆ ಸಿಕ್ಕಿದ್ದು ನಾಲ್ಕು ಮಾತ್ರ. ಮೊದಲ ಸಾಲಿನ ಆಟಗಾರ ಅಲ್ಲ ಅನ್ನಿ, ಒಪ್ಪೋಣ. 32 ತಂಡ, ಒಂದೊಂದರಲ್ಲೂ ಎರಡು ಮೂರು ಕ್ವಾರ್ಟರ್‌ಬ್ಯಾಕ್. ಅಷ್ಟರಲ್ಲಿ ಒಂದು ಜಾಗಕ್ಕೂ ಲಾಯಕ್ಕಿಲ್ಲದ ಅಂಕಿಯಾ ಇದು?

2017ರ ಮಾರ್ಚ್‌ನಲ್ಲಿ ಒಪ್ಪಂದದಿಂದ ಅವನೇ ಹೊರಬಂದ. ಅವನು ಬರದಿದ್ದರೆ ನಾವೇ ಬಿಡುತ್ತಿದ್ದೆವು ಅಂತ ತಂಡದವರೂ ಆಮೇಲೆ ಹೇಳಿದರು. ಹಾಗಾಗಿ 'ಕೆಲಸದಿಂದ ತೆಗೆದರು' ಅನ್ನುವುದು ಪೂರ್ತಿ ಸರಿಯಲ್ಲ, ಸುಳ್ಳೂ ಅಲ್ಲ. ಆಮೇಲೆ ನಡೆದಿದ್ದು ವಿಚಿತ್ರ. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲಿಲ್ಲ. ಸಿಯಾಟಲ್ ಕರೆದು ಮಾತಾಡಿಸಿತು. ಇವನು ಮೊದಲ ಜಾಗಕ್ಕೆ ತಕ್ಕವನು, ನಮ್ಮಲ್ಲಿ ಆ ಜಾಗ ಖಾಲಿ ಇಲ್ಲ ಅಂತ ಅಲ್ಲಿನ ಕೋಚ್ ಹೊಗಳಿ ಕಳಿಸಿದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೊಗಳಿ, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂದ ಹಾಗೆ.

ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅಲಬಾಮಾದ ಸಭೆಯೊಂದರಲ್ಲಿ ಮಂಡಿಯೂರುವವರನ್ನು ಬೈದು ಹೊರಗೆ ಹಾಕಬೇಕು ಅಂದರು. ಆ ಭಾನುವಾರ 200ಕ್ಕೂ ಹೆಚ್ಚು ಆಟಗಾರರು ಕೂತರು ಇಲ್ಲವೇ ಮಂಡಿಯೂರಿದರು. ಅಷ್ಟರಲ್ಲಿ ಪೊಲೀಸ್ ವಿಷಯ ಎಲ್ಲೋ ಹೋಗಿ, ಬಾವುಟದ ವಿಷಯ ಮಾತ್ರ ಉಳಿದಿತ್ತು.

ಅಕ್ಟೋಬರ್‌ನಲ್ಲಿ ತಂಡಗಳೆಲ್ಲ ಒಳಗೊಳಗೇ ಮಾತಾಡಿಕೊಂಡು ತನ್ನನ್ನು ದೂರ ಇಟ್ಟಿವೆ ಅಂತ ಕ್ಯಾಪರ್ನಿಕ್ ದೂರು ಕೊಟ್ಟ. ಇದನ್ನು ಸಾಬೀತು ಮಾಡುವುದು ಬಹಳ ಕಷ್ಟ. 32 ತಂಡಗಳು ಬೇರೆ ಬೇರೆಯಾಗಿ, ತಮ್ಮ ತಮ್ಮ ಕೋಣೆಯಲ್ಲಿ ಕೂತು, ಇವನ ತಂಟೆ ಬೇಡಪ್ಪ ಅಂದುಕೊಂಡರೆ ಅದು ನಿಯಮದ ಪ್ರಕಾರ ತಪ್ಪೇ ಅಲ್ಲ. ಸೇರಿ ಮಾತಾಡಿಕೊಂಡಿದ್ದರೆ ಮಾತ್ರ ತಪ್ಪು. ಆದರೂ 2018ರಲ್ಲಿ ದೂರನ್ನು ವಜಾ ಮಾಡಿ ಅಂತ ಲೀಗ್ ಕೇಳಿದಾಗ ಮಧ್ಯಸ್ಥಗಾರರು ಒಪ್ಪಲಿಲ್ಲ, ಪೂರ್ತಿ ವಿಚಾರಣೆಗೆ ದಾರಿಯಾಯಿತು. ವಿಚಾರಣೆಯ ಅಂತ್ಯ ಯಾರಿಗೂ ನೋಡಲು ಸಿಗಲಿಲ್ಲ. 2019ರ ಫೆಬ್ರವರಿಯಲ್ಲಿ ರಾಜಿ ಆಯಿತು, ಷರತ್ತುಗಳು ಗುಟ್ಟು.

ಅದೇ ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಅವನ ಆಟ ನೋಡಲು ಲೀಗೇ ಒಂದು ಶನಿವಾರ ಗೊತ್ತು ಮಾಡಿತು. ಸಹಿ ಹಾಕಬೇಕಾದ ಕಾಗದದ ಬಗ್ಗೆ, ಪತ್ರಕರ್ತರು ಒಳಗೆ ಬರಬಹುದೇ ಅನ್ನುವ ಬಗ್ಗೆ ಜಗಳವಾಗಿ ಅವನು ಕೊನೆ ಗಳಿಗೆಯಲ್ಲಿ ಜಾಗವನ್ನೇ ಬದಲಿಸಿ ಒಂದು ಹೈಸ್ಕೂಲ್ ಮೈದಾನಕ್ಕೆ ಹೋದ. ಅಲ್ಲಿಯವರೆಗೆ ಬಂದದ್ದು ಬೆರಳೆಣಿಕೆಯ ತಂಡದವರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ ಲೀಗ್‌ನ ಕಮಿಷನರ್ ರಾಜರ್ ಗುಡೆಲ್ ಆಟಗಾರರ ಮಾತು ಮೊದಲೇ ಕೇಳಬೇಕಿತ್ತು, ತಪ್ಪಾಯಿತು ಅಂತ ವಿಡಿಯೊ ಹಾಕಿದರು. ಅದರಲ್ಲಿ ಕ್ಯಾಪರ್ನಿಕ್ ಹೆಸರಿರಲಿಲ್ಲ.

ಅಷ್ಟು ಹೊತ್ತಿಗೆ ಓಡುವ ಕ್ವಾರ್ಟರ್‌ಬ್ಯಾಕ್‌ಗಳು ಲೀಗ್ ತುಂಬ ಇದ್ದರು, ಲಾಮಾರ್ ಜಾಕ್ಸನ್, ಜಾಶ್ ಆಲೆನ್, ಜೇಲೆನ್ ಹರ್ಟ್ಸ್ ಅಂತ. ಚೆಂಡು ಒತ್ತಿ ಹಿಡಿದು ಎಳೆದುಕೊಳ್ಳುವ ಆ ಆಟ ಮಾಮೂಲಿಯಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಆರನ್ ರಾಜರ್ಸ್, ಹತ್ತು ವರ್ಷದ ಹಿಂದೆ ಕ್ಯಾಂಡಲ್‌ಸ್ಟಿಕ್‌ನಲ್ಲಿ ಎದುರಿಗಿದ್ದ ಅದೇ ರಾಜರ್ಸ್, ನ್ಯೂಯಾರ್ಕ್ ಜೆಟ್ಸ್ ಪರ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಆಗ 35 ವರ್ಷದ ಕ್ಯಾಪರ್ನಿಕ್ ಜೆಟ್ಸ್‌ಗೆ ಒಂದು ಪತ್ರ ಬರೆದ. ಆಡಿಸಿ ಅಂತಲ್ಲ. ಅಭ್ಯಾಸದ ತಂಡದಲ್ಲಿ ಜಾಗ ಕೊಟ್ಟರೆ ಸಾಕು, ಪ್ರತಿ ವಾರ ನಿಮ್ಮ ಡಿಫೆನ್ಸ್‌ನವರನ್ನು ತಯಾರು ಮಾಡುತ್ತೇನೆ ಅಂತ. ಅಂದರೆ ಮುಂದಿನ ಭಾನುವಾರ ಎದುರಾಗುವ ಕ್ವಾರ್ಟರ್‌ಬ್ಯಾಕ್ ಹೇಗೆ ಓಡುತ್ತಾನೋ ಬುಧವಾರದ ಅಭ್ಯಾಸದಲ್ಲಿ ಹಾಗೇ ಓಡಿ ತೋರಿಸುವ ಕೆಲಸ. ಜೆಟ್ಸ್ ಆ ಜಾಗಕ್ಕೆ ಟ್ರೆವರ್ ಸೀಮಿಯನ್‌ನನ್ನು ತೆಗೆದುಕೊಂಡಿತು.