ಸ್ಟಿಲ್ ಲೈಫ್‌ನಲ್ಲಿ ಮ್ಯಾಗ್ನೋಲಿಯಾಗೆ ಯಾಕಿಷ್ಟು ಜಾಗ?

ಪ್ರಶ್ನೆ: ಚಿತ್ರದುರ್ಗದಲ್ಲಿ ಚಿತ್ರಕಲೆ ಕಲಿಯುತ್ತಿದ್ದೇನೆ. ಸ್ಟಿಲ್ ಲೈಫ್ (ಹೂವು, ಹಣ್ಣು, ಪಾತ್ರೆಗಳನ್ನು ಎದುರಿಗಿಟ್ಟು ಬರೆಯುವ ಚಿತ್ರ) ಅಂತ ಹುಡುಕಿದಾಗೆಲ್ಲ ಮ್ಯಾಗ್ನೋಲಿಯಾ ಚಿತ್ರಗಳು ಬರುತ್ತವೆ. ಗುಲಾಬಿ, ತಾವರೆ ಇರುವಾಗ ಈ ಬಿಳಿ ಹೂವಿನಲ್ಲಿ ಅಂಥದ್ದೇನಿದೆ? ನಾನಂತೂ ಅದನ್ನು ಕಣ್ಣಾರೆ ನೋಡಿಲ್ಲ.

ಉತ್ತರ: ಅದರ ತಂಗಿಯನ್ನು ನೋಡಿದ್ದೀರಿ. ನಮ್ಮ ಸಂಪಿಗೆಯೂ ಮ್ಯಾಗ್ನೋಲಿಯಾ ಕುಲದ್ದೇ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಮ್ಯಾಗ್ನೋಲಿಯಾ ಚಂಪಕ. ನಿಮ್ಮ ಕೋಟೆಯೊಳಗಿನ ಸಂಪಿಗೆ ಸಿದ್ದೇಶ್ವರನ ಹೆಸರಲ್ಲೇ ಆ ಹೂವಿದೆ, ಅಲ್ವಾ? ಚಿತ್ರಗಳಲ್ಲಿ ಜಾಸ್ತಿ ಕಾಣುವುದು ಮಾತ್ರ ಅಮೆರಿಕದ ದಕ್ಷಿಣ ರಾಜ್ಯಗಳ ಮ್ಯಾಗ್ನೋಲಿಯಾ ಗ್ರಾಂಡಿಫ್ಲೋರಾ. ಅದರ ಒಂದೊಂದು ಹೂವು 20–30 ಸೆಂ.ಮೀ. ಅಗಲ. ಊಟದ ತಟ್ಟೆಯಷ್ಟು!

ಗಾತ್ರಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಎಸಳಿನ ದಪ್ಪ. ಈ ಹೂವಿಗೆ ಬರುವವು ಹೆಚ್ಚಾಗಿ ಜೀರುಂಡೆಗಳು. ಅವು ಓಡಾಡಿದರೂ ತಡೆಯುವಂಥ ಗಟ್ಟಿ ಎಸಳು ಇದರದ್ದು. ಗುಲಾಬಿಯ ಎಸಳು ತೆಳು, ಬೆಳಕು ಅದನ್ನು ದಾಟಿ ಹೋಗಿಬಿಡುತ್ತದೆ. ಮ್ಯಾಗ್ನೋಲಿಯಾದ್ದು ಬಟ್ಟಲಿನ ಹಾಗೆ ಬಾಗಿ ಬೆಳಕನ್ನು ಹಿಡಿದುಕೊಳ್ಳುತ್ತದೆ. ನೆರಳು ಅಂಚಿನಿಂದ ಒಳಗೆ ನಿಧಾನಕ್ಕೆ ಇಳಿಯುತ್ತದೆ. ಮಡಕೆ, ಹಣ್ಣು ಬರೆಯುತ್ತಾ ಕಲಿತ ಶೇಡಿಂಗ್ ಪೂರ್ತಿ ಈ ಒಂದು ಹೂವಿಗೇ ಬೇಕಾಗುತ್ತದೆ.

ಇನ್ನು ಬಿಳಿ. ಟ್ಯೂಬಿನ ಬಿಳಿಯನ್ನು ಹಾಗೇ ಹಚ್ಚಿ ನೋಡಿ, ಹೂವು ಸುಣ್ಣ ಬಳಿದ ಗೋಡೆಯಂತೆ ಸತ್ತು ಬೀಳುತ್ತದೆ. ನಿಜವಾದ ಎಸಳಿನಲ್ಲಿ ಕೆನೆಯ ಹಳದಿ ಇದೆ, ನೆರಳಲ್ಲಿ ನೀಲಿ ಬೂದು ಇದೆ, ಪಕ್ಕದ ಎಲೆಯ ಹಸಿರು ಕೂಡ ಅದರ ಮೇಲೆ ಬಿದ್ದಿರುತ್ತದೆ. ಎಲೆಯೂ ಸುಮ್ನೆ ಹಸಿರಲ್ಲ. ಮೇಲೆ ಎಣ್ಣೆ ಸವರಿದಂಥ ಹೊಳಪು, ಕೆಳಗೆ ತುಕ್ಕಿನ ಬಣ್ಣದ ನವಿರು ರೋಮ. ಹೊಳಪು, ಒರಟು, ಮೃದು ಮೂರೂ ಒಂದೇ ಕೊಂಬೆಯಲ್ಲಿ ಸಿಕ್ಕರೆ ಚಿತ್ರಕಾರರು ಬಿಡುತ್ತಾರೆಯೇ?

ಇದನ್ನೆಲ್ಲ ತುಂಬ ಚೆನ್ನಾಗಿ ಕಂಡವರು ಅಮೆರಿಕದ ಚಿತ್ರಕಾರ ಮಾರ್ಟಿನ್ ಜಾನ್ಸನ್ ಹೀಡ್ (1819–1904). ಉಪ್ಪುನೀರಿನ ಜೌಗು, ಬ್ರೆಜಿಲಿನ ಹಮ್ಮಿಂಗ್ ಹಕ್ಕಿ ಬರೆದ ಈತ 1883ರಲ್ಲಿ, ಅರವತ್ತು ದಾಟಿದ ಮೇಲೆ, ಫ್ಲಾರಿಡಾದಲ್ಲಿ ನೆಲೆ ನಿಂತರು. ಅಲ್ಲಿ ಮ್ಯಾಗ್ನೋಲಿಯಾ ಹಿಡಿದರು. ಹೂದಾನಿ ಬೇಡ ಅಂದರು. ಕೊಯ್ದ ಕೊಂಬೆಯನ್ನು ಮಖಮಲ್ ಬಟ್ಟೆಯ ಮೇಲೆ ಅಡ್ಡ ಮಲಗಿಸಿದರು. ಹೂವಿನ ಭಾರ ನಮಗೆ ಅನುಭವಕ್ಕೆ ಬರುವುದು ಈ ಮಲಗುವಿಕೆಯಿಂದಲೇ. 1890ರ ಹೊತ್ತಿಗೆ ಬರೆದ, ನೀಲಿ ಮಖಮಲ್ಲಿನ ಮೇಲಿನ ದೊಡ್ಡ ಮ್ಯಾಗ್ನೋಲಿಯಾಗಳ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಚಿನ್ನದ ಬಣ್ಣದ ಮಖಮಲ್ಲಿನ ಇನ್ನೊಂದು ಚಿತ್ರ ಇಂಡಿಯಾನಾದ ಒಂದು ಮನೆಯಲ್ಲಿ ಗೋಡೆಯ ತೂತು ಮುಚ್ಚಿಕೊಂಡು ನೇತಾಡುತ್ತಿತ್ತು. ಅದನ್ನು 1999ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಹನ್ನೆರಡೂವರೆ ಲಕ್ಷ ಡಾಲರ್ ಕೊಟ್ಟು ಕೊಂಡಿತು. ಈ ಸಂಗತಿ ನೆನಪಾದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಇನ್ನೊಂದು ಸೆಳೆತ ಅದರ ಆಯಸ್ಸು. ಅರಳಿದ ಹೂವು ಎರಡು ಮೂರು ದಿನ ಇದ್ದರೆ ಹೆಚ್ಚು. ಬೆರಳು ಒತ್ತಿದ ಕಡೆ ಕಂದು ಕಲೆ ಏಳುತ್ತದೆ. ಕುಂಚ ಹಿಡಿದವರಿಗೆ ಅದು ಅವಸರವನ್ನೂ ಕಲಿಸುತ್ತದೆ, ಎಚ್ಚರವನ್ನೂ ಕಲಿಸುತ್ತದೆ.

ನಿಮಗೆ ದುರ್ಗದಲ್ಲಿ ಏನು ಸಿಗುತ್ತದೆ? ಕೆಂಡಸಂಪಿಗೆ ಬರೆಯಿರಿ. ಎಸಳು ಸಣ್ಣದು, ಆದರೆ ಮೂಗಿಗೆ ಹೋಲಿಸುವ ಆ ಮೊಗ್ಗಿನ ಗೆರೆ ಅಪರೂಪದ್ದು. ಬಿಳಿಯೇ ಬೇಕಾದರೆ ಗೋಸಂಪಿಗೆ. ಹೆಸರಲ್ಲಿ ಸಂಪಿಗೆ ಇದ್ದರೂ ಅದು ಈ ಕುಲದ್ದಲ್ಲ. ಆದರೂ ಅದರ ಮೇಣದಂಥ ಎಸಳಿನಲ್ಲಿ ಬೆಳಕಿನ ಆಟ ಹೀಗೇ ಇರುತ್ತದೆ. ಬೆಳಿಗ್ಗೆ ಎರಡು ಹೂವು ತಂದು, ಗಾಢ ನೀಲಿ ಬಟ್ಟೆಯ ಮೇಲೆ ಮಲಗಿಸಿ, ಒಂದೇ ಕಿಟಕಿಯ ಬೆಳಕು ಬೀಳುವ ಕಡೆ ಇಡಿ. ಮೊದಲು ನೆರಳುಗಳನ್ನಷ್ಟೇ ತುಂಬಿ. ಬಿಳಿ ಟ್ಯೂಬಿನ ಮುಚ್ಚಳವನ್ನು ಕೊನೆಗೆ ತೆಗೆಯಿರಿ.